ಬಾರ್ಬರಮ್ಮನ ಬಲಗಡೆಯ ಹೂವು

ಶಾಲೆಯ ಹೆಸರು ಬದಲಾಗುವ ಸುದ್ದಿಯನ್ನು ಮನೆಯಲ್ಲಿ ಬಾಯಿಬಿಡದೆ ಭಾನುಪ್ರಿಯ ಅರ್ಧ ಬೇಸಿಗೆ ರಜೆ ಕಳೆದಳು. ಬೇರೆ ಮನೆಯಾಗಿದ್ದರೆ ಊಟಕ್ಕೆ ಕೂತಾಗ ಹೇಳಿ ಮುಗಿಸುವ ಮಾತು. ಸಂತ ಬಾರ್ಬರಾ ಪ್ರೌಢಶಾಲೆ ಇನ್ನು ಮುಂದೆ ನವಕಿರಣ ಪ್ರೌಢಶಾಲೆ, ಅಷ್ಟೇ. ಆದರೆ ಈ ಮನೆಯಲ್ಲಿ ಆ ಹೆಸರಿನ ಮೇಲೆ ಒಂದು ಹರಕೆ ಇತ್ತು. ಆ ಹರಕೆ ಭಾನುಪ್ರಿಯಳೇ.

ಅವಳ ಅಪ್ಪ ವೆಂಕಟೇಶಪ್ಪ ಬೇತಮಂಗಲದ ಕೆರೆ ಪಕ್ಕದ ಹಳ್ಳಿಯವನು. ದನ ಮೇಯಿಸಿಕೊಂಡಿದ್ದವನು ವಯಸ್ಸಿಗೆ ಬಂದಾಗ ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಗೆ ಸೇರಿ ನೆಲದಡಿ ಕೆಲಸಕ್ಕೆ ಇಳಿದ. ಭಾನುಪ್ರಿಯ ಅಮ್ಮನ ಹೊಟ್ಟೆಯಲ್ಲಿದ್ದಾಗ ಅವನಿದ್ದ ಕಡೆಯೇ ಏರ್ ಬ್ಲಾಸ್ಟ್ ಆಯಿತು. ಆಳದ ಬಂಡೆ ಮೇಲಿನ ಭಾರ ತಾಳಲಾರದೆ ಸಿಡಿಯುವುದಕ್ಕೆ ಗಣಿಯವರು ಇಟ್ಟ ಹೆಸರು ಅದು. ಮೇಲಿನ ಮನೆಗಳಲ್ಲಿ ಪಾತ್ರೆಗಳು ಅಲುಗಾಡಿದವು, ಸೈರನ್ ಕೂಗಿತು, ಹೆಂಗಸರೆಲ್ಲ ಗಣಿಗೆ ಇಳಿಯುವ ಬಾವಿಯಾದ ಶಾಫ್ಟಿನ ಗೇಟಿಗೆ ಓಡಿದರು. ತುಂಬಿದ ಬಸುರಿ ಸೊಣ್ಣಮ್ಮನಿಗೆ ಆ ಗುಂಪಿನಲ್ಲಿ ನಿಲ್ಲಲಾಗಲಿಲ್ಲ. ಪಕ್ಕದ ಶಾಲೆಯ ಜಗಲಿಯಲ್ಲಿ ಹೋಗಿ ಕುಸಿದಳು. ಅಲ್ಲಿ ಬಾರ್ಬರಮ್ಮ ಇದ್ದಳು.

ಬಾರ್ಬರಮ್ಮ ಅಂದರೆ ಸಂತ ಬಾರ್ಬರಾಳ ಪ್ರತಿಮೆ. ಗಣಿಯವರನ್ನು ಕಾಯುವ ಸಂತಳೆಂದು ಕಂಪನಿಯ ಕಾಲದಲ್ಲಿ ಒಬ್ಬ ವಿದೇಶಿ ಪಾದ್ರಿ ತಗಡಿನ ಕೊಟ್ಟಿಗೆಯೊಂದರಲ್ಲಿ ಕೂಲಿಯವರ ಮಕ್ಕಳಿಗೆ ಪಾಠ ಶುರುಮಾಡಿ ಅದಕ್ಕೆ ಆಕೆಯ ಹೆಸರಿಟ್ಟಿದ್ದರು. ಕೆಂಪು ನಿಲುವಂಗಿ, ಕೈಯಲ್ಲಿ ಮೂರು ಕಿಟಕಿಯ ಗೋಪುರ. ಬಾರ್ಬರಾಳ ಅಪ್ಪ ಅವಳನ್ನು ಗೋಪುರದಲ್ಲಿ ಕೂಡಿಹಾಕಿದ್ದನಂತೆ, ಕಥೆ ಅದು. ಚಾಂಪಿಯನ್ ರೀಫ್ಸ್‌ನವರು ಅಂಥ ಗೋಪುರವನ್ನು ಎಲ್ಲಿ ನೋಡಬೇಕು? ಅವರು ಕಂಡಿದ್ದ ಎತ್ತರದ ವಸ್ತು ಅಂದರೆ ಕೆಲಸಗಾರರು ನಿಲ್ಲುವ ಕೇಜನ್ನು ಇಳಿಸಿ ಎತ್ತುವ ಶಾಫ್ಟಿನ ಕಟ್ಟಡ ಒಂದೇ. ಹಾಗಾಗಿ ಈ ತಾಯಿ ಇಡೀ ಶಾಫ್ಟನ್ನೇ ಕೈಯಲ್ಲಿ ಹಿಡಿದು ನಿಂತಿದ್ದಾಳೆಂದು ಎಲ್ಲರೂ ನಂಬಿದರು. ಪಾದ್ರಿಗಳು ಹಾಗಲ್ಲ ಹೀಗೆ ಎಂದು ಹೇಳಿ ಹೇಳಿ ಸುಸ್ತಾಗಿ ಬಿಟ್ಟರು. ತಮಿಳರು, ತೆಲುಗರು, ಹಳ್ಳಿಯ ಕನ್ನಡದವರು ಎಲ್ಲರೂ ಕೆಲಸಕ್ಕೆ ಇಳಿಯುವ ಮುಂಚೆ ಆ ಗೋಪುರವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರಿಂದ ಅದರ ಬಣ್ಣವೆಲ್ಲ ಹೋಗಿತ್ತು.

ಹಳ್ಳಿಯ ಅಮ್ಮಂದಿರ ಜೊತೆ ಮಾತಾಡಿ ಅಭ್ಯಾಸವಿದ್ದ ಸೊಣ್ಣಮ್ಮ ಇವಳ ಜೊತೆಗೂ ಹಾಗೇ ಮಾತಾಡಿದಳು. "ಅವರ್ನ ಮ್ಯಾಲಕ್ಕೆ ತಂದ್ಕೊಡು ತಾಯಿ. ಒಟ್ಟೇಲಿರೋದು ನಿಂದು. ನಿನ್ ಮನೇಲೇ ಓದ್ತೈತೆ, ನಿನ್ ಮನೇಲೇ ಗೇಯ್ತೈತೆ."

ಮಾರನೆಯ ದಿನ ವೆಂಕಟೇಶಪ್ಪ ಜೀವಂತ ಮೇಲೆ ಬಂದ. ಅವನ ಜೊತೆ ಇಳಿದಿದ್ದವರು ಬರಲಿಲ್ಲ.

ಅಲ್ಲಿಗೆ ಭಾನುಪ್ರಿಯಳ ಜಾತಕ ಬರೆದಾಯಿತು. ಅದೇ ಶಾಲೆಯಲ್ಲಿ ಓದಿದಳು, ಬಿ.ಎಡ್. ಮುಗಿಸಿ ಅದೇ ಶಾಲೆಯಲ್ಲಿ ಸಮಾಜ ವಿಜ್ಞಾನದ ಟೀಚರ್ ಆದಳು. ಒಮ್ಮೆ ರಾಯಚೂರಿನ ಕಡೆ ಸರ್ಕಾರಿ ಹೈಸ್ಕೂಲಿಗೆ ಆಯ್ಕೆಯಾದಾಗ ಸೊಣ್ಣಮ್ಮ ಹೊಸ್ತಿಲ ಮೇಲೆ ಕೂತಳು. ಅಮ್ಮನನ್ನು ದಾಟಿ ಹೋಗುವುದು ಭಾನುಪ್ರಿಯಳಿಂದ ಆಗಲಿಲ್ಲ. ಮಾಲೂರು ದಾಟಿದ ಊರಿನ ಗಂಡುಗಳೆಲ್ಲ ಕಾಫಿ ಕುಡಿದು ವಾಪಸು ಹೋದರು. ಅವಳಿಗೆ ಬಾರ್ಬರಮ್ಮನಲ್ಲಿ ನಂಬಿಕೆ ಇತ್ತೇ ಅಂದರೆ ಇರಲಿಲ್ಲ. ಆದರೆ ಅಪ್ಪನ ಎದೆಯೊಳಗೆ ಗಣಿಯ ಧೂಳು ಕೂತಿತ್ತು. ಪ್ರತಿ ಚಳಿಗಾಲ ಅವನು ಕೆಮ್ಮಿ ಕೆಮ್ಮಿ ನೀಲಿಗಟ್ಟುವನು, ಪ್ರತಿ ಯುಗಾದಿಗೆ ಎದ್ದು ಕೂರುವನು, ಸೊಣ್ಣಮ್ಮ ಬಾರ್ಬರಮ್ಮನಿಗೆ ಕೈಮುಗಿಯುವಳು. ಹೆತ್ತ ಅಪ್ಪನ ಉಸಿರನ್ನು ಪಣಕ್ಕಿಟ್ಟು ಪರೀಕ್ಷೆ ಮಾಡುವ ಧೈರ್ಯ ಯಾವ ಮಗಳಿಗಿರುತ್ತದೆ? ಹೀಗೆ ಅವಳಿಗೆ ನಲವತ್ತು ತುಂಬಿತು.

ಇಷ್ಟರಲ್ಲಿ ಗಣಿ ಮುಚ್ಚಿತು. ಮನೆಗಳು ಒಂದೊಂದಾಗಿ ಖಾಲಿಯಾದವು, ಶಾಲೆಯಲ್ಲಿ ಮಕ್ಕಳು ಕರಗಿದರು. ಕೊನೆಗೆ ಅದನ್ನು ನಡೆಸುತ್ತಿದ್ದ ಮಿಷನ್‌ನವರು ಶಾಲೆಯನ್ನು ಬಂಗಾರಪೇಟೆಯ ರೈಲು ಹಳಿ ಪಕ್ಕದ ಹೊಸ ಕಟ್ಟಡಕ್ಕೆ ಎತ್ತಿಕೊಂಡು ಬಂದರು. ಭಾನುಪ್ರಿಯಳೂ ಅಪ್ಪ ಅಮ್ಮನನ್ನು ಕರೆದುಕೊಂಡು ಅಲ್ಲೇ ಬಾಡಿಗೆ ಮನೆಗೆ ಬಂದಳು. ಪ್ರತಿಮೆ ಮಾತ್ರ ಬರಲಿಲ್ಲ. ಅದು ಹಳೆಯ ಶಾಲೆಯ ಜಗಲಿಯಲ್ಲೇ ಉಳಿಯಿತು.

ಹೊಸ ಕಟ್ಟಡದ ಮೊದಲ ವಾರ ಒಂದು ಗೂಡ್ಸ್ ಗಾಡಿ ಹಾದು ಹೋಯಿತು. ನೆಲ ನಡುಗಿ ಕಿಟಕಿ ಗಾಜು ಗಲಗಲ ಅಂದದ್ದೇ ತಡ, ಭಾನುಪ್ರಿಯ "ಬೆಂಚಿನ ಕೆಳಗೆ" ಎಂದು ಕೂಗಿ ತಾನು ಬಾಗಿಲ ಚೌಕಟ್ಟಿನಲ್ಲಿ ನಿಂತಳು. ಕೆಜಿಎಫ್‌ನ ಮಕ್ಕಳು ಕಪ್ಪೆಗಳಂತೆ ಬೆಂಚಿನ ಕೆಳಗೆ ಹಾರಿದರು. ಬಂಗಾರಪೇಟೆಯ ಮಕ್ಕಳು ಕೂತಲ್ಲೇ ಕೂತು ಟೀಚರಿಗೆ ಏನಾಯಿತು ಎಂದು ನೋಡಿದರು. ಗಾಡಿಯ ಡಬ್ಬಿಗಳೆಲ್ಲ ಹೋಗಿ ಮುಗಿಯುವ ತನಕ ಅವಳು ಚೌಕಟ್ಟಿನಲ್ಲೇ ಇದ್ದಳು. ಆಮೇಲೆ ಸ್ಟಾಫ್ ರೂಮಿನಲ್ಲಿ ವರ್ಷವಿಡೀ ಅದೇ ತಮಾಷೆ.

ಈ ಏಪ್ರಿಲ್‌ನಲ್ಲಿ ಶಾಲೆಯ ಮ್ಯಾನೇಜರ್ ಫಾದರ್ ಅಂತಪ್ಪ ಅವಳನ್ನು ಕರೆದು ಹೆಸರಿನ ವಿಷಯ ಹೇಳಿದರು. ಕನಕಪುರದ ಕಡೆಯ ಕ್ರೈಸ್ತರ ಹಳ್ಳಿಯವರು, ಇನ್ನೂ ನಲವತ್ತಾಗದ ಮನುಷ್ಯ.

"ಮಿಷನ್ನಿನ ಎಲ್ಲ ಶಾಲೆಗೂ ಒಂದೇ ಹೆಸರು ಅಂತ ಮೇಲಿನವರ ತೀರ್ಮಾನ ಟೀಚರ್. ಬಾರ್ಬರಾ ಯಾರು ಅಂತ ಇಲ್ಲಿನ ಪೋಷಕರಿಗೆ ಗೊತ್ತಿಲ್ಲ. ಅಷ್ಟೇಕೆ, ಆಕೆ ಇದ್ದದ್ದಕ್ಕೇ ಪುರಾವೆ ಸಾಲದು ಅಂತ ರೋಮಿನವರು ಪಂಚಾಂಗದಿಂದ ಆಕೆಯ ಹಬ್ಬ ತೆಗೆದು ಎಷ್ಟೋ ವರ್ಷ ಆಯ್ತು."

"ಹೌದೇ? ಚಾಂಪಿಯನ್ ರೀಫ್ಸ್‌ಗೆ ಆ ಸುದ್ದಿ ಬರಲಿಲ್ಲ ಫಾದರ್" ಎಂದಳು ಭಾನುಪ್ರಿಯ.

ಫಾದರ್ ನಕ್ಕರು. ಶಾಲೆ ತೆರೆಯುವ ದಿನ ಹೊಸ ಬೋರ್ಡು, ಸಣ್ಣ ಸಮಾರಂಭ, ಅದರಲ್ಲಿ ಶಾಲೆಯ ಚರಿತ್ರೆಯನ್ನು ಅವಳೇ ಹೇಳಬೇಕು ಎಂದರು. ಆಮೇಲೆ ದನಿ ತಗ್ಗಿಸಿ ಇನ್ನೊಂದು ವಿಷಯ ತೆಗೆದರು. ಮೈಸೂರಿನಲ್ಲಿ ಮಿಷನ್ನಿನದೇ ಬಿ.ಎಡ್. ಕಾಲೇಜಿದೆ. ಅಲ್ಲಿ ಅನುಭವಸ್ಥ ಉಪನ್ಯಾಸಕಿ ಬೇಕಾಗಿದ್ದಾರೆ. ಇವಳಿಗೆ ಎಂ.ಎಡ್. ಇದೆ. ಶಾಲೆ ತೆರೆಯುವುದರೊಳಗೆ ಹೂಂ ಅಂದರೆ ಸಾಕು, ಮಿಕ್ಕಿದ್ದು ಅವರ ಜವಾಬ್ದಾರಿ.

ಆ ದಿನ ಭಾನುಪ್ರಿಯ ಮನೆಯ ದಾರಿ ಬಿಟ್ಟು ಸ್ಟೇಷನ್ ತನಕ ನಡೆದು ಹೋಗಿ, ಅಲ್ಲಿ ಏನೂ ಕೆಲಸವಿಲ್ಲದೆ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು ವಾಪಸು ಬಂದಳು. ಅವಳಿಗೆ ಆ ಕೆಲಸ ಬೇಕಾಗಿತ್ತು. ಇಷ್ಟು ವರ್ಷದಲ್ಲಿ ಯಾವುದನ್ನೂ ಅಷ್ಟು ಆಸೆಪಟ್ಟಿರಲಿಲ್ಲ. ಹರಕೆ ಹೊತ್ತಿದ್ದು ಬಾರ್ಬರಮ್ಮನ ಮನೆಗೆ. ಆ ಮನೆಯ ಹೆಸರೇ ಹೋದರೆ ಮನೆಯಾಳಿಗೆ ಬಿಡುಗಡೆ ಇಲ್ಲವೇ? ಹೀಗೆ ವಕೀಲರಂತೆ ವಾದ ಜೋಡಿಸುವಳು, ಅಷ್ಟರಲ್ಲಿ ಒಳಗಿಂದ ಅಪ್ಪನ ಕೆಮ್ಮು ಕೇಳುವುದು, ವಾದ ಕಳಚಿ ಬೀಳುವುದು. ಹೆಸರಿನ ಮಾತೆತ್ತಿದರೆ ಅಮ್ಮ ಹೆದರುತ್ತಾಳೆ. ಮೈಸೂರಿನ ಮಾತೆತ್ತಿದರೆ ಹೊಸ್ತಿಲ ಮೇಲೆ ಕೂರುತ್ತಾಳೆ. ಎರಡನ್ನೂ ಎತ್ತಲಿಲ್ಲ.

ಗುಟ್ಟು ಒಡೆದದ್ದು ಎದುರು ಮನೆಯ ಕೋದಂಡಪ್ಪನಿಂದ. ಅವನು ಬೋರ್ಡು ಬರೆಯುವವನು. ತನ್ನ ಮನೆಯ ಮುಂದೆಯೇ ಹೊಸ ಬೋರ್ಡನ್ನು ಒಣಗಲು ನಿಲ್ಲಿಸಿ, ಸೊಣ್ಣಮ್ಮನನ್ನು ಕರೆದು ತೋರಿಸಿದ.

"ನೋಡು ಸೊಣ್ಣಕ್ಕ, ನಿಮ್ ಭಾನು ಇಸ್ಕೂಲಿಂದು. ನವಕಿರಣ. ಬಣ್ಣ ಎಂಗೈತೆ?"

"ಸೋಪಿನ ಎಸ್ರಿದ್ದಂಗೈತೆ" ಎಂದು ಸೊಣ್ಣಮ್ಮ ಒಳಗೆ ಬಂದಳು. ಮಗಳ ಮುಂದೆ ಬಂದು ನಿಂತಳು. ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದಿದ್ದ ಭಾನುಪ್ರಿಯಳಿಗೆ ಅಮ್ಮ ಕೇಳಿದ್ದು ಒಂದೇ ಮಾತು.

"ಅವಳ್ನ ಕೇಳಿದ್ರಾ?"

"ಯಾರನ್ನಮ್ಮ?"

"ಬಾರ್ಬರಮ್ಮನ್ನ. ಊರಲ್ಲಿ ಗಂಗಮ್ಮನ ಗುಡೀಗೆ ಸುಣ್ಣ ಒಡೀಬೇಕು ಅಂದ್ರೂ ಊವು ಕೇಳ್ತಾರೆ. ಎಸ್ರೇ ತಗೀತೀರಿ, ಒಂದ್ ಮಾತು ಕೇಳೋದು ಬ್ಯಾಡ್ವಾ?"

ಹೂವು ಕೇಳುವುದೆಂದರೆ ಆ ಕಡೆಯ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಪದ್ಧತಿ. ದೇವರ ಎರಡು ಭುಜಕ್ಕೂ ನೀರಲ್ಲಿ ಅದ್ದಿದ ಹೂವು ಅಂಟಿಸಿ, ಮನಸ್ಸಿನಲ್ಲಿರುವುದನ್ನು ಕೇಳಿಕೊಂಡು ಕಾಯುವುದು. ಬಲಗಡೆಯದು ಬಿದ್ದರೆ ಆಗಲಿ ಎಂದು, ಎಡಗಡೆಯದಾದರೆ ಬೇಡ ಎಂದು. ಹೂವು ಕೇಳದೆ ಶಾಲೆಗೆ ಕಾಲಿಡಬೇಡ ಎಂದು ಸೊಣ್ಣಮ್ಮ ಪಟ್ಟು ಹಿಡಿದಳು. ಭಾನುಪ್ರಿಯ ಬೇರೆ ದಾರಿ ಕಾಣದೆ ಫಾದರ್‌ಗೆ ಫೋನು ಮಾಡಿದಳು. ಮುದುಕಿಯನ್ನು ತಾನೇ ಸಮಾಧಾನ ಮಾಡುತ್ತೇನೆಂದು ಅವರು ಸಂಜೆ ಮನೆಗೆ ಬಂದರು. ಭಾನುಪ್ರಿಯ ಕಾಫಿ ಮಾಡಲು ಒಳಗೆ ಹೋದಳು. ಹಾಲು ಉಕ್ಕುವ ತನಕ ಹೊರಗೆ ಮೂವರ ಮಾತೂ ಗುಜುಗುಜು ಕೇಳುತ್ತಿತ್ತು. ಲೋಟ ಹಿಡಿದು ಅವಳು ಬರುವಷ್ಟರಲ್ಲಿ ಎಲ್ಲ ಸುಮ್ಮನಾಗಿದ್ದರು. ಸಮಾಧಾನ ಮಾಡಲು ಬಂದವರೇ ಸಮಾಧಾನವಾಗಿ ಕೂತಿದ್ದರು.

"ನಮ್ಮಜ್ಜಿಯೂ ಹಬ್ಬದ ದಿನ ಸಂತ ಅಂತೋಣಿಗೆ ಹೂವು ಕೇಳ್ತಿದ್ರು ಟೀಚರ್" ಎಂದರು ಫಾದರ್. "ಬಿಷಪ್ಪರಿಗೆ ಹೇಳೋಕೆ ಹೋಗ್ಬೇಡಿ. ಶನಿವಾರ ಬೆಳಿಗ್ಗೆ ಹೋಗಿಬರೋಣ."

ವೆಂಕಟೇಶಪ್ಪ ಗೋಡೆಗೊರಗಿ ಮಗಳನ್ನೇ ನೋಡುತ್ತಿದ್ದ. ಏನಪ್ಪಾ ಎಂದು ಕೇಳಿದಳು. ಕಾಫಿಗೆ ಸಕ್ಕರೆ ಕಮ್ಮಿ ಎಂದ.

ಶನಿವಾರ ಹಳೆಯ ಶಾಲೆಯ ಗೇಟು ತೆರೆದವನು ಕುಪ್ಪುಸ್ವಾಮಿ. ಗಣಿಯಲ್ಲಿ ವೆಂಕಟೇಶಪ್ಪನ ಜೊತೆಗಾರ, ಈಗ ಆ ಖಾಲಿ ಕಟ್ಟಡದ ಕಾವಲಿನವನು. ಅರ್ಧ ತಮಿಳು ಅರ್ಧ ಕನ್ನಡದ ಮನುಷ್ಯ.

"ವಾಂಗಕ್ಕ. ಅಣ್ಣ ಎಂಗವ್ರೆ?"

"ಅವ್ರೆ. ನಿನ್ ಕೇಳ್ದೆ ಅಂತೇಳು ಅಂದ್ರು."

ಜಗಲಿ ಗುಡಿಸಿ ಇಟ್ಟಿದ್ದ. ಬಾರ್ಬರಮ್ಮನ ನಿಲುವಂಗಿಯ ಕೆಂಪು ಮಾಸಿತ್ತು, ಕೈಯ ಗೋಪುರದ ಒಂದು ಮೂಲೆ ಮುರಿದಿತ್ತು. ಸೊಣ್ಣಮ್ಮ ಸೆರಗಿನ ತುದಿಯಿಂದ ಅವಳ ಮುಖದ ಧೂಳು ಒರೆಸಿದಳು. ತಂದಿದ್ದ ಸೇವಂತಿಗೆಯನ್ನು ನೀರಲ್ಲಿ ಅದ್ದಿ ಎರಡು ಭುಜಕ್ಕೂ ಒತ್ತಿದಳು. ಆಮೇಲೆ ಕಣ್ಣು ಮುಚ್ಚಿ ಬಹಳ ಹೊತ್ತು ತುಟಿ ಅಲುಗಿಸಿದಳು. ಏನು ಹೇಳುತ್ತಿದ್ದಾಳೆಂದು ಕೇಳಿಸಲಿಲ್ಲ. ಫಾದರ್ ಕೈಕಟ್ಟಿ ನಿಂತಿದ್ದರು.

ಕಾಯುತ್ತ ಕಾಯುತ್ತ ಭಾನುಪ್ರಿಯಳಿಗೆ ಸಿಟ್ಟು ಬಂತು. ಒಂದು ಬೋರ್ಡಿನ ಮೇಲಿನ ಅಕ್ಷರಕ್ಕೆ ಇಷ್ಟು ಮರ್ಯಾದೆ. ಬಸ್ಸು ಹತ್ತಿ ಬಂದು, ಮುಖ ಒರೆಸಿ, ಹೂವು ಇಟ್ಟು ಕೇಳುತ್ತಾರೆ. ತನ್ನ ಬದುಕನ್ನು ಕೊಟ್ಟಾಗ ತನ್ನನ್ನು ಯಾರು ಕೇಳಿದರು? ಇಲ್ಲಿ ನಿಂತಿರುವ ಈ ಮಣ್ಣಿನ ಹೆಂಗಸಿಗೆ ಸಿಕ್ಕಷ್ಟು ವಿಚಾರಣೆ ತನಗೆ ಸಿಗಲಿಲ್ಲ. ಬಿಸಿಲಿನ ಕಡೆ ಮುಖ ತಿರುಗಿಸಿದಳು.

ಆಗ ನೆಲದೊಳಗೆ ಎಲ್ಲೋ ದಡ್ ಅಂದಿತು. ಗಣಿ ಮುಚ್ಚಿ ನೀರು ತುಂಬಿದರೂ ಆ ಬಂಡೆಗಳು ಇನ್ನೂ ಆಗಾಗ ಕದಲುತ್ತವೆ. ಜಗಲಿ ನಡುಗಿತು, ಹೆಂಚು ಕಿರುಗುಟ್ಟಿತು. ಸೊಣ್ಣಮ್ಮ, ಕುಪ್ಪುಸ್ವಾಮಿ, ಭಾನುಪ್ರಿಯ ಮೂವರೂ ಆಫೀಸಿನ ಬಾಗಿಲ ಚೌಕಟ್ಟಿನೊಳಗೆ ಬಂದು ಒತ್ತಿಕೊಂಡು ನಿಂತರು. ಕನಕಪುರದ ಫಾದರ್ ಮಾತ್ರ ನಿಲುವಂಗಿ ಎತ್ತಿಕೊಂಡು ಅಂಗಳ ದಾಟಿ ಗೇಟಿನ ತನಕ ಓಡಿದರು.

"ಸಣ್ಣದು" ಎಂದ ಕುಪ್ಪುಸ್ವಾಮಿ, ನೆಲಕ್ಕೆ ಕಿವಿಗೊಟ್ಟು. "ನಮ್ ಕಾಲದ್ದು ಮುಂದೆ ಇದು ಏನೂ ಇಲ್ಲೆ."

ಬಾರ್ಬರಮ್ಮನ ಬಲಗಡೆಯ ಹೂವು ನೆಲದ ಮೇಲಿತ್ತು. ಎಡಗಡೆಯದು ಅಂಟಿಕೊಂಡೇ ಇತ್ತು.

ಫಾದರ್ ಏದುಸಿರು ಬಿಡುತ್ತ ವಾಪಸು ಬಂದು ನೋಡಿದರು. "ಇದು ಭೂಮಿ ಅಲುಗಾಡಿ ಬಿದ್ದದ್ದಲ್ವೇನಮ್ಮ? ಇನ್ನೊಂದ್ಸಲ ಇಡೋದಾ?"

"ಭೂಮಿ ಅಳ್ಳಾಡಿದ್ರೆ ಎಡಗಡೇದೂ ಬೀಳ್ಬೇಕಾಗಿತ್ತಲ್ಲ" ಎಂದಳು ಸೊಣ್ಣಮ್ಮ. "ಅಲ್ದೆ ಅಳ್ಳಾಡ್ಸಿದ್ದು ಯಾರು ಅಂತ ತಿಳ್ಕೊಂಡಿದ್ದೀರಿ? ಶಾಫ್ಟು ಯಾರ ಕೈಯಾಗೈತೆ?"

ದೇವಶಾಸ್ತ್ರ ಓದಿದ ಫಾದರ್ ಮೂಲೆ ಮುರಿದ ಗೋಪುರದ ಕಡೆ ನೋಡಿದರು. "ಹಾಗಾದರೆ ಒಪ್ಪಿಗೆ ಅಂತ ಇಟ್ಕೊಳ್ಳಲಾ?"

"ಒಪ್ಪಿದ್ಳು" ಎಂದು ಸೊಣ್ಣಮ್ಮ ಬಿದ್ದ ಹೂವನ್ನು ಎತ್ತಿ ಸೆರಗಿಗೆ ಗಂಟು ಹಾಕಿಕೊಂಡಳು. ಅವಳ ಕೈ ನಡುಗುತ್ತಿತ್ತು. ಏರ್ ಬ್ಲಾಸ್ಟಿಗೆ ಹೆದರುವ ಹೆಂಗಸಲ್ಲ ಅವಳು. ಭಾನುಪ್ರಿಯ ಅದನ್ನು ನೋಡಿದರೂ ಸಿಟ್ಟಿನಲ್ಲಿ ಗೇಟಿನ ಕಡೆ ಹೊರಟಳು.

ವಾಪಸು ಬಸ್ಸಿನಲ್ಲಿ ಕೂತು, ಸಮಾರಂಭದಲ್ಲಿ ಹೇಳಬೇಕಾದ ಚರಿತ್ರೆಯನ್ನು ಭಾನುಪ್ರಿಯ ಮನಸ್ಸಿನಲ್ಲೇ ಜೋಡಿಸಲು ನೋಡಿದಳು. ತಗಡಿನ ಕೊಟ್ಟಿಗೆ, ವಿದೇಶಿ ಪಾದ್ರಿ, ಗೋಪುರ. ಎಲ್ಲಿಂದ ಶುರುಮಾಡಿದರೂ ಬಸುರಿಯೊಬ್ಬಳು ಜಗಲಿಯಲ್ಲಿ ಕೂತ ಜಾಗಕ್ಕೇ ಬಂದು ನಿಲ್ಲುತ್ತಿತ್ತು.

ಮನೆಗೆ ಬಂದಾಗ ವೆಂಕಟೇಶಪ್ಪ ಬಾಗಿಲಲ್ಲೇ ಕಾದಿದ್ದ.

"ಕೊಟ್ಳಾ?"

"ಕೊಟ್ಳು. ಬಲಗಡೇದು" ಎಂದು ಸೊಣ್ಣಮ್ಮ ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಅವನು ಹೂವನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಮಂಚದ ಕೆಳಗಿನಿಂದ ಏನನ್ನೋ ಎಳೆಯುವ ಸದ್ದು, ಜೊತೆಗೆ ಕೆಮ್ಮು. ಭಾನುಪ್ರಿಯ ಓಡಿ ಹೋಗಿ ನೋಡಿದರೆ ಅಪ್ಪ ಗಣಿಯ ಕಾಲದ ಕಬ್ಬಿಣದ ಟ್ರಂಕನ್ನು ಎಳೆದು ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದ.

"ಏನಪ್ಪಾ ಇದು? ಧೂಳು ನಿಮಗೆ ಆಗಲ್ಲ ಅಂತ ಗೊತ್ತಲ್ಲ."

"ಮೈಸೂರಲ್ಲಿ ಇದು ಸಾಲ್ತದಾ ನೋಡು."

ಅವಳು ಅಮ್ಮನ ಕಡೆ ತಿರುಗಿದಳು. ಸೊಣ್ಣಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು.

"ಅವತ್ತು ನೀನು ಕಾಪಿ ಮಾಡಾಕೆ ಓದಾಗ ಫಾದರ್ರು ಎಲ್ಲ ಏಳ್ಬುಟ್ರು. ನೀನು ನಮಗೆ ಏಳಿರ್ತೀಯ ಅಂದ್ಕೊಂಡಿದ್ರು ಪಾಪ."

"ಮತ್ತೆ ನೀನು ಹೂವು ಕೇಳಿದ್ದು ಶಾಲೆ ಹೆಸರಿಗಲ್ವಾ?"

"ಮೊದ್ಲು ಅದ್ಕೇ ಅಂದ್ಕೊಂಡಿದ್ದೆ. ಮೈಸೂರಿನ ಮಾತು ಕೇಳಿದ್ಮ್ಯಾಲೆ ಎಸ್ರು ಯಾಕೆ ಕೇಳಾನ? ಬೋರ್ಡಲ್ಲಿ ಇದ್ರೆಷ್ಟು ಬಿಟ್ರೆಷ್ಟು, ಅವಳ ಎಸ್ರು ಅವಳಿಗೆ ಗೊತ್ತಿರಲ್ವಾ? ನಿನ್ ಕೇಳ್ದೆ. ನನ್ ಮಗಳ್ನ ಬಿಟ್ಕೊಡ್ತೀಯಾ ತಾಯಿ, ಅಂತ ಕೇಳ್ದೆ."

ಭಾನುಪ್ರಿಯ ಮಂಚದ ಮೇಲೆ ಕೂತಳು. ಅಮ್ಮನ ಕೈ ಯಾಕೆ ನಡುಗಿತ್ತೆಂದು ಈಗ ತಿಳಿಯಿತು. ಮಗಳನ್ನು ವಾಪಸು ಪಡೆದರೆ ಗಂಡನಿಗೆ ಕಾವಲು ತಪ್ಪುತ್ತದೆಂದು ನಂಬಿದ ಹೆಂಗಸು, ಹಾಗೆ ನಂಬಿಕೊಂಡೇ ಹೋಗಿ ಕೇಳಿದ್ದಳು.

"ಅಪ್ಪನಿಗೆ ಏನಾದರೂ ಆದರೆ ಅಂತ ಯೋಚನೆ ಮಾಡಲಿಲ್ವಾ ಅಮ್ಮ?"

"ನಾನೆಲ್ಲಿ ಕೇಳ್ತಿದ್ದೆ, ನಿಮ್ಮಪ್ಪಾನೇ ಕೇಳು ಕೇಳು ಅಂತ ಪ್ರಾಣ ತಿಂದ್ರು" ಎಂದಳು ಸೊಣ್ಣಮ್ಮ, ಕಣ್ಣು ಒರೆಸಿಕೊಳ್ಳುತ್ತ. "ಅದ್ಕೇ ನಾವೂ ಬತ್ತೀವಿ. ಅಲ್ಲಿ ಬೆಟ್ಟದ ಮ್ಯಾಲೆ ಚಾಮುಂಡಮ್ಮ ಅವ್ಳಲ್ಲ, ಇವ್ರ ವಿಸ್ಯ ಅವಳ ತಾವ ನಾನೇ ಮಾತಾಡ್ಕೊಂತೀನಿ. ಈ ಸಲ ನಿನ್ ಕೊಡಲ್ಲ. ಕೋಳಿ ಕೊಡ್ತೀನಿ."

ವೆಂಕಟೇಶಪ್ಪ ನಕ್ಕು ಕೆಮ್ಮಿದ. ಕೆಮ್ಮು ನಿಲ್ಲುವ ತನಕ ಇಬ್ಬರೂ ಕಾದರು. ಅವನು ಒರೆಸುವುದನ್ನು ನಿಲ್ಲಿಸಿ ಟ್ರಂಕಿನ ಮೇಲೆ ಕೈಯಿಟ್ಟು ಕೂತ.

"ನನ್ ಮ್ಯಾಲಕ್ಕೆ ತರಾಕೆ ನಿನ್ ಕೆಳಗೆ ಬಿಟ್ಟಿದ್ವಿ ಕಣಮ್ಮ. ನಲವತ್ ವರ್ಸ ಗಾಳಿ ಕುಡ್ದೆ, ಬಿಸ್ಲು ನೋಡ್ದೆ. ಸಾಕು. ಗಣೀಲಿ ಯಾರೂ ಇನ್ನೊಬ್ರ ಶಿಫ್ಟು ಇಷ್ಟು ದಿನ ಮಾಡಲ್ಲ." ಉಸಿರು ಎಳೆದುಕೊಂಡ. "ನಿನ್ ಶಿಫ್ಟು ಮುಗೀತು. ನೀನೂ ಮ್ಯಾಲಕ್ಕೆ ಬಾ."

ಭಾನುಪ್ರಿಯ ಅತ್ತಳು. ಚಿಕ್ಕ ಹುಡುಗಿಯಂತೆ, ಸದ್ದು ಮಾಡಿಕೊಂಡು ಅತ್ತಳು. ಹಿಂದಿನ ಹಳಿಯ ಮೇಲೆ ಗೂಡ್ಸ್ ಗಾಡಿಯೊಂದು ಬಂದು ಮನೆಯ ನೆಲ ನಡುಗತೊಡಗಿತು. ಸೊಣ್ಣಮ್ಮ ಅಭ್ಯಾಸಬಲದಿಂದ ಬಾಗಿಲ ಚೌಕಟ್ಟಿನೊಳಗೆ ಸರಿದು ನಿಂತಳು. ಭಾನುಪ್ರಿಯ ಎದ್ದು ಹೋಗಲಿಲ್ಲ. ಮೂಗು ಒರೆಸಿಕೊಂಡು, ಅಪ್ಪನ ಕೈಯಿಂದ ಒದ್ದೆ ಬಟ್ಟೆ ತೆಗೆದುಕೊಂಡು ಟ್ರಂಕಿನ ಒಳಗನ್ನು ಒರೆಸಲು ಕೂತಳು.